ಎರಡೆರಡು ಕನ್ನಡ ಯಾಕೆ ಅಂದವನು ನಾನೇ

ನಮ್ಮ ಸ್ಕೂಲಲ್ಲಿ ಕಂಪ್ಯೂಟರ್ ಟೀಚರ್ ಅಂದ್ರೆ ಪ್ರಿಂಟರಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯೋದರಿಂದ ಹಿಡಿದು ಇಆರ್‌ಪಿವರೆಗೆ (ಅಂಕ, ಕಾರ್ಡು ಎಲ್ಲ ನೋಡಿಕೊಳ್ಳುವ ಸ್ಕೂಲಿನ ಸಾಫ್ಟ್‌ವೇರು) ಎಲ್ಲಕ್ಕೂ ಅವನೇ. ಆ ಜೂನ್‌ನಲ್ಲಿ ಹಿಂದಿನ ವರ್ಷದ್ದನ್ನು ಕಾಪಿ ಹೊಡೆದು ಅದರಲ್ಲಿ ಹತ್ತನೇ ಕ್ಲಾಸಿನ ಸಬ್ಜೆಕ್ಟ್ ಮಾಸ್ಟರ್, ಅಂದ್ರೆ ವಿಷಯಗಳ ಮೂಲ ಪಟ್ಟಿ, ತೆರೆದೆ. 'ಕನ್ನಡ' ಅಂತ ಎರಡು ಸಾಲು ಇತ್ತು. ಯಾರೋ ಹಳಬರು ಮರೆತು ಎರಡು ಸಲ ಹಾಕಿದ್ದಾರೆ ಅಂದುಕೊಂಡೆ. ಒಂದನ್ನು ಅಳಿಸಿ, ಎಲ್ಲ ಮಕ್ಕಳನ್ನೂ ಉಳಿದ ಸಾಲಿಗೆ ಮ್ಯಾಪ್ ಮಾಡಿದೆ. ಪಟ್ಟಿ ಚೊಕ್ಕವಾಯ್ತು ಅಂತ ಖುಷಿಯೂ ಆಯ್ತು.

ಎಸ್ಸೆಸ್ಸೆಲ್ಸಿಯಲ್ಲಿ ಆಗ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625 ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ನಾನೂ ಬರೆದು ಪಾಸಾದವನೇ. ಆದರೆ ನಮ್ಮಲ್ಲಿ ಅರ್ಧ ಮಕ್ಕಳಿಗೆ ಕನ್ನಡ ಫಸ್ಟ್. ಇನ್ನರ್ಧಕ್ಕೆ ಸಂಸ್ಕೃತ ಫಸ್ಟ್, ಇಂಗ್ಲಿಷ್ ಸೆಕೆಂಡ್, ಕನ್ನಡ ಥರ್ಡ್. ಅವರ ಪುಸ್ತಕ ಬೇರೆ, ಪೇಪರ್ ಬೇರೆ, 100ರ ಬದಲು 80ಕ್ಕೆ. ನಾಲ್ಕೂ ಎಫ್ಎ (ಸ್ಕೂಲಲ್ಲೇ ಕೊಡುವ ಆಂತರಿಕ ಅಂಕದ ಪರೀಕ್ಷೆ) ಸೇರಿದ 200 ಅಂಕ ಫಸ್ಟ್ ಲ್ಯಾಂಗ್ವೇಜಿಗೆ 25ಕ್ಕೆ ಇಳಿಯಬೇಕಿತ್ತು, ಉಳಿದದ್ದಕ್ಕೆ 20ಕ್ಕೆ. ನಾನು ಅಳಿಸಿದ್ದು ಆ 80-20ರ ಸಾಲನ್ನು.

ಪ್ರಿಪರೇಟರಿ ಮಾರ್ಕ್ಸ್ ಎಂಟ್ರಿ ದಿನ ಕನ್ನಡ ಮಿಸ್ ವಾಟ್ಸಾಪ್ ಮಾಡಿದ್ದರು. "ಸರ್, ಥರ್ಡ್ ಲ್ಯಾಂಗ್ವೇಜ್ ಮಕ್ಕಳಿಗೂ ಔಟ್ ಆಫ್ 100 ತೋರಿಸ್ತಿದೆ." ನಾನು ಊಟಕ್ಕೆ ಕೂತಿದ್ದೆ. "ಪರವಾಗಿಲ್ಲ ಮೇಡಂ, ನೀವು ಹಾಕ್ತಾ ಹೋಗಿ, ರಿಪೋರ್ಟಲ್ಲಿ ಸರಿ ಬರುತ್ತೆ" ಅಂತ ಎಡಗೈಯಲ್ಲಿ ಟೈಪ್ ಮಾಡಿದೆ. ಆ ಮೆಸೇಜು ಇನ್ನೂ ಫೋನಲ್ಲಿದೆ. ಅಳಿಸಿಲ್ಲ.

ಶನಿವಾರ ಪೇರೆಂಟ್ಸ್ ಮೀಟಿಂಗ್. ಹತ್ತೂಕಾಲಿಗೆ ಒಬ್ಬ ಹುಡುಗಿ, ಅವಳ ಅಮ್ಮ ನನ್ನ ಟೇಬಲ್ ಮುಂದೆ ನಿಂತರು. ಕ್ಲಾಸಿಗೆ ಫಸ್ಟ್ ಬರುವವಳು. ಕಾರ್ಡಲ್ಲಿ ಕನ್ನಡ 125ಕ್ಕೆ 103. ಒಟ್ಟು 650ಕ್ಕೆ 611, ಶೇಕಡಾ 94, ರ್‍ಯಾಂಕ್ ನಾಲ್ಕು. ನಾನು ಪೂರ್ತಿ ನೋಡದೆ, "ಲೆಕ್ಕ ಸಿಸ್ಟಮ್ಮೇ ಮಾಡೋದು ಮೇಡಂ, ತಪ್ಪಾಗಲ್ಲ" ಅಂದುಬಿಟ್ಟೆ. ಆ ತಾಯಿ ಜಗಳ ಆಡಲಿಲ್ಲ. ಹುಡುಗಿಯೇ ಮೆಲ್ಲಗೆ ಕೇಳಿದಳು. "ಸರ್, 650 ಹೆಂಗೆ ಬಂತು?"

ಆ ಸಂಖ್ಯೆ ಕಾರ್ಡಿನ ಕೆಳಗೆ ದಪ್ಪ ಅಕ್ಷರದಲ್ಲೇ ಇತ್ತು. ಹಿಂದಿನ ರಾತ್ರಿ ಅಷ್ಟೂ ಕಾರ್ಡ್ ಪ್ರಿಂಟ್ ತೆಗೆದು, ಒಂದೊಂದಕ್ಕೂ ಸೀಲ್ ಒತ್ತಿದ್ದವನು ನಾನು. ಕಣ್ಣಿಗೆ ಬಿದ್ದಿರಲಿಲ್ಲ. ಕಿವಿ ಬಿಸಿಯಾಯ್ತು. ಪೇಪರಲ್ಲಿ 78, ಆಂತರಿಕದ್ದು 20, ಸೇರಿ 98. ಸಾಫ್ಟ್‌ವೇರು 20ನ್ನು 25 ಮಾಡಿ, 125ಕ್ಕೆ ಲೆಕ್ಕ ಹಾಕಿತ್ತು. ಸಂಸ್ಕೃತಕ್ಕೂ 125, ಕನ್ನಡಕ್ಕೂ 125, ಹಾಗಾಗಿ ಒಟ್ಟು 650. ನಿಜವಾದದ್ದು 625ಕ್ಕೆ 606, ಹತ್ತಿರ ಹತ್ತಿರ ಶೇಕಡಾ 97. ಹಿಂದೆ ಲೈನಲ್ಲಿ ಇನ್ನೂ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಸಂಸ್ಕೃತದವರು ಯಾರು, ಕನ್ನಡದವರು ಯಾರು ಅಂತ ಮುಖ ನೋಡಿ ಗೊತ್ತಾಗುತ್ತಾ?

ಸಾಫ್ಟ್‌ವೇರು ಕೊಟ್ಟ ವೆಂಡರ್‌ಗೆ ಫೋನ್ ಮಾಡಿದೆ. "ರಿಸಲ್ಟ್ ಪಬ್ಲಿಷ್ ಆಗಿದೆ ಸರ್, ಅನ್‌ಲಾಕ್ ಮಾಡೋಕೆ ಟಿಕೆಟ್ ಹಾಕಿ, ಸೋಮವಾರ ನೋಡ್ತೀವಿ." ಅಷ್ಟು ದುಡ್ಡು ತಗೊಳ್ಳುವ ಸಾಫ್ಟ್‌ವೇರು 80ರ ಪೇಪರ್‌ಗೆ 100 ಒಪ್ಪಿಕೊಳ್ಳುತ್ತೆ, ಒಟ್ಟು 650 ಬಂದರೂ ಸುಮ್ನೆ ಇರುತ್ತೆ. ಆದರೆ ಮಗುವಿನ ಇನಿಶಿಯಲ್ ಮುಂದೆ ಚುಕ್ಕೆ ಇಟ್ಟರೆ ಮಾತ್ರ ಕೆಂಪಗಾಗುತ್ತೆ! ಹೆಡ್‌ಮಾಸ್ಟರ್ ಬಂದು ಮೊದಲು ಕೇಳಿದ್ದು, "ಈ ಕಾರ್ಡುಗಳ ಪ್ರಿಂಟಿಂಗ್ ಖರ್ಚು ಯಾವ ಹೆಡ್ಡಿಗೆ ಹಾಕೋದು?" ಅಂತ.

ಕೊನೆಗೆ ಸ್ಟಾಫ್ ರೂಮಲ್ಲಿ ಕೂತು ಎಕ್ಸೆಲಲ್ಲಿ ಲೆಕ್ಕ ಹಾಕಿದೆವು. ನಾನು ಓದೋದು, ಕನ್ನಡ ಮಿಸ್ ಟಿಕ್ ಹಾಕೋದು. ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಆ ವಾಟ್ಸಾಪ್ ಮೆಸೇಜಿನ ಮಾತನ್ನು ಅವರು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿ ಇತ್ತು.

ಈಗ ಮಾಸ್ಟರಲ್ಲಿ ಹೆಸರುಗಳು ನೋಡೋಕೆ ಅಸಹ್ಯವಾಗಿವೆ: 'ಕನ್ನಡ ಫಸ್ಟ್ 100+25', 'ಕನ್ನಡ ಥರ್ಡ್ 80+20'. ಪಬ್ಲಿಷ್ ಒತ್ತುವ ಮುಂಚೆ ಒಂದೊಂದು ಭಾಷೆಯ ಒಂದೊಂದು ಮಗುವಿನ ಕಾರ್ಡನ್ನು ಪೆನ್ನು ಹಿಡಿದು ಕೂಡಿಸಿ ನೋಡ್ತೀನಿ. ಈ ಜೂನ್‌ನಲ್ಲಿ ಬೇರೆ ಸ್ಕೂಲಿಂದ ಇಂಗ್ಲಿಷ್ ಫಸ್ಟ್, ಕನ್ನಡ ಸೆಕೆಂಡ್ ಇರುವ ಹುಡುಗನೊಬ್ಬ ಬಂದ. ಅಡ್ಮಿಷನ್ ಫಾರ್ಮ್ ನನ್ನ ಟೇಬಲ್ ಮೇಲಿಟ್ಟು ಮಿಸ್ ಕೇಳಿದರು, "ಸರ್, ಈ ವರ್ಷ ಎಷ್ಟು ಕನ್ನಡ?"

"ಮೂರು ಮೇಡಂ."