ಹಳ್ಳ ಬಂದ ರಾತ್ರಿಯ ಬಗ್ಗಡ

ವೇದಾವತಿಗೆ ಸೇರುವ ನಮ್ಮ ಹಳ್ಳದಲ್ಲಿ ವರ್ಷದ ಬಹುಪಾಲು ನೀರಿರುವುದಿಲ್ಲ, ಕುರಿಗಳಿರುತ್ತವೆ. ಮರಳು, ಬಳ್ಳಾರಿ ಜಾಲಿ, ಯಾರೋ ಎಸೆದ ಹಳೇ ಚಪ್ಪಲಿ. ಚಳ್ಳಕೆರೆ ತಾಲ್ಲೂಕಿಗೆ ವರ್ಷವಿಡೀ ಬೀಳುವ ಮಳೆಯೇ ಹೆಚ್ಚೂಕಡಿಮೆ 500 ಮಿ.ಮೀ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಉತ್ತರೆಯೋ ಹಸ್ತವೋ ಜಡಿದ ದಿನ ರಾತ್ರಿ ಹಳ್ಳ ಬಂದರೆ ಬೆಳಗಿನ ಜಾವಕ್ಕೆ ಮೊಣಕಾಲುದ್ದ, ಮಾರನೇ ಸಂಜೆಗೆ ಮತ್ತೆ ಮರಳು. ಇಂಥ ಹಳ್ಳದ ನೀರು ಎಷ್ಟು ಬಗ್ಗಡ ಅಂತ ಅಳೆಯುವ ಕೆಲಸ ನನಗೆ ಸಿಕ್ಕಿತ್ತು. ಕಾಲೇಜೊಂದರ ಮಣ್ಣು ಸವಕಳಿ ಯೋಜನೆಯಲ್ಲಿ ಫೀಲ್ಡ್ ಅಸಿಸ್ಟೆಂಟ್.

ಕೈಗೆ ಕೊಟ್ಟ ಫಾರ್ಮಿನಲ್ಲಿ ತಿಂಗಳಿಗೊಂದು ಖಾನೆ. ತಿಂಗಳಿಗೊಮ್ಮೆ ಹೋಗಿ, ಮಾದರಿ ತಂದು, ಅಂಕಿ ತುಂಬಬೇಕು. ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಇಳಿಯುವವರಿಗೆ ಅದು ಸರಿ. ನಾನು ಹಾಗೆ ಮಾಡಿದ್ದರೆ ಹೆಚ್ಚಿನ ಖಾನೆಗಳಲ್ಲಿ 'ನೀರಿಲ್ಲ' ಅಂತ ಬರೆದು ಮುಗಿಸಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ.

ಮೊದಲು ಸೆನ್ಸರ್ ಹಾಕಿ ನೋಡಿದ್ದರು. ನೀರಿನೊಳಗೆ ಬೆಳಕು ಬಿಟ್ಟು, ಕಣಗಳಿಗೆ ತಾಗಿ ಚದುರಿದ್ದನ್ನು ಹಿಡಿಯುವ ಯಂತ್ರ. ಸದಾ ಹರಿಯುವ ನದಿಗೆ ಒಳ್ಳೆಯದೇ. ಇಲ್ಲಿ ಬೇಸಿಗೆಯಿಡೀ ಬಿಸಿಲಲ್ಲಿ ಒಣಗಿ, ನೀರಿಲ್ಲದ ಗಾಳಿಯಲ್ಲೂ ಏನೇನೋ ಅಂಕಿ ಬರೆದುಕೊಳ್ಳುತ್ತಾ ಕೂತಿತ್ತು. ಹಳ್ಳ ಬಂದ ದಿನ ಜಾಲಿ ಕೊಂಬೆ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೊಳದಷ್ಟು ಮರಳಿನಡಿ ಹೂತುಹೋಯಿತು. ಅಗೆದು ತೆಗೆದರೆ ಅದರ ಗಾಜೆಲ್ಲ ಗೀರು.

ಆಮೇಲೆ ಹಳೇ ಉಪಾಯಕ್ಕೇ ಬಂದೆವು. ಮೋರಿಯ ಪಕ್ಕ ಕಬ್ಬಿಣದ ಕಂಬ ನೆಟ್ಟು, ಅಡಿಗೊಂದರಂತೆ ಅರ್ಧ ಲೀಟರ್ ಬಾಟಲಿ ಕಟ್ಟುವುದು. ಒಂದೊಂದು ಬಾಟಲಿಯ ಬಿರಡೆಗೂ ಎರಡು ತಾಮ್ರದ ಕೊಳವೆ, ಎರಡೂ ಛತ್ರಿ ಹಿಡಿಯಂತೆ ಬಾಗಿದವು. ನೀರು ಏರುತ್ತಾ ಕೆಳಗಿನ ಕೊಳವೆಯ ಬಾಗು ದಾಟಿತೋ, ಸೈಫನ್ ಹಿಡಿದು ಒಳಗೆ ನುಗ್ಗುತ್ತದೆ. ಒಳಗಿನ ಗಾಳಿ ಮೇಲಿನ ಕೊಳವೆಯಿಂದ ಆಚೆ ಹೋಗುತ್ತದೆ. ಬಾಟಲಿ ತುಂಬಿದ ಮೇಲೆ ಹೊಸ ನೀರು ಒಳಗೆ ಬರುವುದಿಲ್ಲ. ಹೀಗೆ ಒಂದೊಂದು ಬಾಟಲಿಯೂ ನೀರೇರುವಾಗಿನ ಒಂದೊಂದು ಗಳಿಗೆಯನ್ನು ಹಿಡಿದಿಡುತ್ತದೆ. ಬ್ಯಾಟರಿ ಬೇಡ, ಕಾವಲು ಬೇಡ. ಒಂದೇ ತೊಂದರೆ, ನೀರು ಇಳಿಯುವಾಗ ಅದು ಏನನ್ನೂ ಹಿಡಿಯದು. ಇಳಿಯುವ ನೀರಿಗೆ ಮನುಷ್ಯನೇ ಬೇಕು.

ಆ ಮನುಷ್ಯ ನಾನು, ಜೊತೆಗೆ ನಮ್ಮ ಮಾವ. ಅವರ ಹೊಲ ಹಳ್ಳದ ದಂಡೆಗೇ ಇದೆ, ಅರ್ಧ ಶೇಂಗಾ, ಅರ್ಧ ತೊಗರಿ. ಉತ್ತರೆ ಮಳೆಯ ಒಂದು ಸಂಜೆ ಫೋನ್ ಮಾಡಿದರು.

"ಅಳಿಯ, ಪಡುಗಡೆ ಒಂದೇ ಸಮ ಮಿಂಚ್ತಾ ಐತೆ. ಹಳ್ಳ ಬರ್ತೈತೆ ಇವತ್ತು. ಬರಂಗಿದ್ರೆ ಈಗ್ಲೇ ಹೊರಡು, ಆಮೇಲೆ ದಾರಿ ಇರಲ್ಲ."

ನಾನು ಹೋಗುವ ಹೊತ್ತಿಗೆ ಅಲ್ಲಿ ಬಿದ್ದದ್ದು ನಾಲ್ಕು ಹನಿ ಅಷ್ಟೇ. ಮೋರಿಯ ಮೇಲೆ ಮಾವನ ಎಕ್ಸೆಲ್ ಮೊಪೆಡ್ ನಿಲ್ಲಿಸಿಕೊಂಡು ಕೂತೆವು. ಮೊದಲು ಬಂದದ್ದು ಸದ್ದು, ಒಣ ತರಗು ಎಳೆದಂಥ ಸದ್ದು. ಟಾರ್ಚ್ ಬಿಟ್ಟರೆ ನೀರೇ ಕಾಣಲಿಲ್ಲ. ನೊರೆ, ಕುರಿ ಹಿಕ್ಕೆ, ಜೋಳದ ಕೂಳೆ, ಬೂದಿ, ಎಲ್ಲ ಸೇರಿದ ಒಂದು ಅಂಚು ಮರಳಿನ ಮೇಲೆ ನಡೆದು ಬರುತ್ತಿತ್ತು. ಅದರ ಹಿಂದೆ ನೀರು. ಹತ್ತು ನಿಮಿಷದಲ್ಲಿ ಕೆಳಗಿನ ಬಾಟಲಿ ಮುಳುಗಿತು.

ಹೆಚ್ಚು ಮಣ್ಣು ಹೊತ್ತು ತರುವುದು ಈ ಮುಂದಲೆ ನೀರೇ. ತಿಂಗಳುಗಟ್ಟಲೆ ಸಡಿಲವಾಗಿ ಬಿದ್ದ ದೂಳು, ಉತ್ತ ಮಣ್ಣು, ದನ ತುಳಿದ ದಾರಿ, ಎಲ್ಲ ಮೊದಲ ಹೊಡೆತಕ್ಕೇ ಕೊಚ್ಚಿಕೊಂಡು ಬರುತ್ತದೆ. ಹೀಗಾಗಿ ಎಷ್ಟೋ ಸಲ ನೀರು ತುಂಬಾ ಎತ್ತರಕ್ಕೆ ಏರುವ ಮೊದಲೇ ಬಗ್ಗಡ ತನ್ನ ತುದಿ ಮುಟ್ಟಿ ಇಳಿಯತೊಡಗಿರುತ್ತದೆ. ನೀರು ಏರುವುದು ನಿಂತ ಮೇಲೆ ಬಕೆಟ್ಟಿಗೆ ಹಗ್ಗ ಕಟ್ಟಿ ಕಾಲುಗಂಟೆಗೊಮ್ಮೆ ಸೇದತೊಡಗಿದೆ. ಮಾವ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬಾಟಲಿಗೆ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಹೊತ್ತು ಬರೆಯುತ್ತಿದ್ದರು. ಒದ್ದೆ ಕೈಯಲ್ಲಿ ಕಾಗದದ ಚೀಟಿ ನಿಲ್ಲುವುದಿಲ್ಲ, ಪ್ಲಾಸ್ಟರ್ ನಿಲ್ಲುತ್ತದೆ.

ಬೆಳಗಾಗುವಾಗ ಕಂಬದ ಬಾಟಲಿಗಳನ್ನು ಬಿಚ್ಚಿ ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಕೆಳಗಿನದು ಕಪ್ಪು, ನಡುವಿನದು ಕಂದು, ಮೇಲಿನದು ಇಟ್ಟಿಗೆ ಕೆಂಪು. ಮಾವ ಒಂದೊಂದನ್ನೇ ಬೆಳಕಿಗೆ ಎತ್ತಿ ಹಿಡಿದು ನೋಡಿದರು.

"ಇದು ಇಲ್ಲೇ ನಮ್ಮ ಎರೆ ಹೊಲದ್ದು. ಮೇಲಿಂದು ಗುಡ್ಡದ ಕಡೆ ಮಸಾರಿ. ದೂರದಿಂದ ಬಂದಿದ್ದು, ಅದಕ್ಕೇ ತಡವಾಗೈತೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಳ್ಳಕ್ಕೆ ಎರಡು ಕವಲು. ಹತ್ತಿರದ್ದು ಎರೆ ನೆಲದಿಂದ ಬರುತ್ತದೆ, ದೂರದ್ದು ಗುಡ್ಡದ ಬುಡದ ಕೆಂಪು ನೆಲದಿಂದ. ಅಲ್ಲಿ ಮಳೆ ಜೋರು, ಆದರೆ ನೀರು ಇಲ್ಲಿಗೆ ಬರಲು ಹೊತ್ತು ಬೇಕು.

ಲ್ಯಾಬಿನಲ್ಲಿ ನೆಫೆಲೋಮೀಟರ್ ಇತ್ತು. ಪುಟ್ಟ ಗಾಜಿನ ಸೀಸೆಗೆ ನೀರು ಹಾಕಿ ಇಟ್ಟರೆ ಒಂದು ಬದಿಯಿಂದ ಬೆಳಕು ಹಾಯಿಸಿ, 90 ಡಿಗ್ರಿ ಕೋನದಲ್ಲಿ ಚದುರಿ ಬಂದದ್ದನ್ನು ಅಳೆದು ಎನ್‌ಟಿಯು ಅನ್ನುವ ಬಗ್ಗಡದ ಮಾನದಲ್ಲಿ ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 1 ಎನ್‌ಟಿಯು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 5ರವರೆಗೆ. ನಮ್ಮ ಮೀಟರು 1000ದವರೆಗೆ ಓದುತ್ತಿತ್ತು. ಹಳ್ಳದ ನೀರು ಹಾಕಿದರೆ ಅಂಕಿಯೇ ಇಲ್ಲ, ಬರೀ ಮಿಣುಕು. ತಿಳಿ ನೀರು ಬೆರೆಸಿ ತೆಳು ಮಾಡಿ, ಓದಿ, ಮತ್ತೆ ಅಷ್ಟರಿಂದ ಗುಣಿಸಬೇಕು. ಆ ಗುಣಾಕಾರವೂ ಪೂರ್ತಿ ನಂಬುವಂಥದ್ದಲ್ಲ. ದಟ್ಟ ನೀರಿನಲ್ಲಿ ಕಣಗಳು ಒಂದಕ್ಕೊಂದು ಮರೆಯಾಗುತ್ತವೆ, ತೆಳುವಾದಾಗ ಬಿಡಿಬಿಡಿಯಾಗಿ ಬೆಳಕು ಚದುರಿಸುತ್ತವೆ.

ಮಜಾ ಇದ್ದದ್ದು ಆಮೇಲೆ. ಕೆಂಪು ಬಾಟಲಿ ಕಪ್ಪು ಬಾಟಲಿಗಿಂತ ಹೆಚ್ಚು ಎನ್‌ಟಿಯು ತೋರಿಸಿತು. ಕಣ್ಣಿಗೆ ಕಪ್ಪೇ ದಪ್ಪ, ಅಲುಗಾಡಿಸಿದರೆ ತಳದಲ್ಲಿ ಪಾಯಸದ ಹಾಗೆ ಸುತ್ತುತ್ತಿತ್ತು. ತೂಗಿಯೇ ನೋಡೋಣ ಎಂದು ಎರಡನ್ನೂ ಸೋಸಿದೆ. ಸೋಸು ಕಾಗದ ಹೂಳಿನಿಂದ ಕಟ್ಟಿಕೊಂಡು ಹನಿ ಹನಿಯಾಗಿ ಇಳಿಯಿತು, ಅಷ್ಟರಲ್ಲಿ ಎರಡು ಸಲ ಟೀ ಆಯಿತು. ಕಾಗದವನ್ನು 105 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ಆರಿಸಿ ತೂಗಿದರೆ ಕಪ್ಪು ಬಾಟಲಿಯ ಮಣ್ಣೇ ಹೆಚ್ಚು, ಅದೂ ಚೆನ್ನಾಗಿ ಹೆಚ್ಚು.

ಕಾರಣ ಎರಡು. ಮುಂದಲೆ ನೀರಿನಲ್ಲಿ ಮರಳಿನ ಕಾಳು ಜಾಸ್ತಿ. ಒಂದು ಚಿಟಿಕೆ ಮರಳು ಚದುರಿಸುವ ಬೆಳಕಿಗಿಂತ ಅದೇ ತೂಕದ ನುಣ್ಣನೆ ಜೇಡಿ ಚದುರಿಸುವುದು ಎಷ್ಟೋ ಪಾಲು ಹೆಚ್ಚು. ಜೊತೆಗೆ ಕಪ್ಪು ಕಣ ಬೆಳಕನ್ನು ಚದುರಿಸುವ ಬದಲು ತಾನೇ ನುಂಗುತ್ತದೆ. ಮೀಟರು ಅಳೆಯುವುದು ಬೆಳಕನ್ನು, ಮಣ್ಣನ್ನಲ್ಲ. ಹಾಗಾಗಿ ಒಂದು ನದಿಯಲ್ಲಿ ಎನ್‌ಟಿಯುವಿಗೂ ತೂಕಕ್ಕೂ ಹೊಂದಿಸಿಕೊಂಡ ಲೆಕ್ಕವನ್ನು ಇನ್ನೊಂದಕ್ಕೆ ಒಯ್ಯಬಾರದು ಅನ್ನುತ್ತಾರೆ. ನಮ್ಮಲ್ಲಿ ಒಂದೇ ಹಳ್ಳಕ್ಕೆ, ಒಂದೇ ರಾತ್ರಿಗೆ ಎರಡು ಲೆಕ್ಕ ಬೇಕಾಯಿತು.

ಬಕೆಟ್ಟಿನ ಮಾದರಿಗಳದ್ದು ಬೇರೆಯೇ ಕಥೆ. ಕಂಬದ ಅದೇ ಗುರುತಿಗೆ ನೀರು ಇಳಿದು ಬಂದಾಗಿನ ಬಗ್ಗಡ, ಏರುವಾಗಿನದರ ಮುಂದೆ ಏನೂ ಅಲ್ಲ. ಬೆಳಿಗ್ಗೆ ಹತ್ತಕ್ಕೆ ಜೀಪಿನಲ್ಲಿ ಬಂದು ಒಂದು ಬಾಟಲಿ ತುಂಬಿಕೊಂಡು ಹೋದವರಿಗೆ ಸಿಗುವುದು ಸಾಧುವಾದ ಒಂದು ಅಂಕಿ. ಫಾರ್ಮಿನ ಖಾನೆಗೆ ಅದು ಚೆಂದವಾಗಿ ಕೂರುತ್ತದೆ. ಹೊಲದಿಂದ ಎಷ್ಟು ಮಣ್ಣು ಹೋಯಿತು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೋದ ಮಣ್ಣಿನಲ್ಲಿ ಮರಳು ಕೆಳಗಿನ ಚೆಕ್ ಡ್ಯಾಂಗಳಲ್ಲಿ ನಿಲ್ಲುತ್ತದೆ. ಒಂದಷ್ಟು ಗೋಡು, ಅಂದರೆ ಹೂಳು ಮಣ್ಣೂ ಅಲ್ಲೇ ಕೂರುತ್ತದೆ, ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಇಟ್ಟು ಅದನ್ನು ವಾಪಸ್ ಹೊಲಕ್ಕೆ ಹೊಡೆಸುವವರಲ್ಲಿ ಮಾವನೂ ಒಬ್ಬರು. ನುಣ್ಣನೆಯ ಜೇಡಿ ಮಾತ್ರ ದಿನಗಟ್ಟಲೆ ತಳ ಕಾಣದೆ ವೇದಾವತಿಯ ಜೊತೆ ಆಂಧ್ರದ ಭೈರವಾನಿತಿಪ್ಪ ಜಲಾಶಯದ ಕಡೆಗೆ ಹೋಗುತ್ತದೆ. ಮೇಲೆ ಹಿರಿಯೂರಿನ ಹತ್ತಿರ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆ ಇದೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ಅಣೆಕಟ್ಟೆಯ ಕೆಳಗಿನ ನದಿಗೆ ಅಷ್ಟೂ ವರ್ಷ ಹೆಚ್ಚೂಕಡಿಮೆ ನಮ್ಮಂಥ ಹಳ್ಳಗಳೇ ಗತಿ.

ವರದಿಯಲ್ಲಿ ಸರಾಸರಿ ಕೇಳಿದ್ದರು. ಕೊಡಲಿಲ್ಲ. ಹೊತ್ತು, ನೀರಿನ ಎತ್ತರ, ಎನ್‌ಟಿಯು, ತೂಕ, ಬಣ್ಣ, ಇಷ್ಟನ್ನು ಒಂದು ಉದ್ದ ಪಟ್ಟಿ ಮಾಡಿ ಕಳಿಸಿದೆವು. ಬಣ್ಣದ ಖಾನೆ ಯಾಕೆ ಎಂದು ಪ್ರಶ್ನೆ ಬಂತು, ಉತ್ತರ ಬರೆದೆವು. ಚಿತ್ತೆ ಮಳೆಗೆ ಮುಂಚೆ ಎರಡೂ ಕವಲಿಗೆ ಒಂದೊಂದು ಕಂಬ ನೆಡುವುದೆಂದು ನಿಶ್ಚಯವಾಯಿತು. ಗುಂಡಿ ತೋಡಿದ್ದು ಮಾವನೇ. ಕೂಲಿ ಎಷ್ಟು ಅಂತ ಕೇಳಿದ್ದಕ್ಕೆ, ಕೂಲಿ ಬೇಡ, ಮಸಾರಿ ಕವಲಿನ ಕಂಬದಲ್ಲಿ ಬಾಟಲಿ ತುಂಬಿದ ಕೂಡಲೇ ಫೋನಿಗೆ ಸುದ್ದಿ ಬರುವಂಗೆ ಏನಾದ್ರೂ ಮಾಡು, ಹಳ್ಳದಲ್ಲಿರೋ ಮೋಟ್ರು ಎತ್ತಿಟ್ಕೊಬೋದು ಅಂದರು.