ಲಂಡನ್ ಮೇಯರ್ ಚುನಾವಣೆ: ನಮಗೂ ಒಂದು ಓಟು

ಲೇಬರ್ ಪಕ್ಷದ ಸಾದಿಕ್ ಖಾನ್ ಲಂಡನ್ನಿನ ಮೇಯರ್ ಆಗಿ ಮೂರು ಸಲ ಗೆದ್ದಿದ್ದಾರೆ: 2016, 2021 ಮತ್ತು 2024. ಇಷ್ಟಾದರೂ "ಮೇಯರ್ ಅಂದ್ರೆ ಹೀಗಿರಬೇಕು ನೋಡಿ" ಎಂದು ಎದೆಯುಬ್ಬಿಸಿ ಹೇಳಿದ ಒಬ್ಬರನ್ನೂ ನಾನು ಈ ಊರಲ್ಲಿ ಕಂಡಿಲ್ಲ. ಬೈಯುವವರಿಗೆ ಮಾತ್ರ ಬರವಿಲ್ಲ. ಪಕ್ಕದ ಮನೆಯ ಗುಜರಾತಿ ಅಂಕಲ್ ಬೈತಾರೆ, ಮಿನಿಕ್ಯಾಬ್ ಓಡಿಸುವವರು ಬೈತಾರೆ, ಟ್ಯೂಬ್ (ಇಲ್ಲಿನ ಮೆಟ್ರೊ ರೈಲು) ಮುಷ್ಕರದ ದಿನವಂತೂ ಆಫೀಸಿಗೆ ಆಫೀಸೇ ಬೈಯುತ್ತೆ. ಆದರೂ ಮನುಷ್ಯ ಗೆಲ್ಲುತ್ತಲೇ ಇದ್ದಾರೆ. ನನಗೆ ತೋಚಿದ ಕಾರಣ ಇಷ್ಟೇ: ಅವರ ಎದುರಾಳಿಗಳು ಪ್ರತಿ ಸಲವೂ ಊರಿನ ಬಗ್ಗೆ ಮಾತಾಡುವುದು ಬಿಟ್ಟು ಖಾನ್ ಬಗ್ಗೆ ಮಾತಾಡಿದರು.

ಶಿವಮೊಗ್ಗದ ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ. "ನಿಮ್ಮೂರ ಮೇಯರ್ ಪಾಕಿಸ್ತಾನದವನಂತಲ್ಲೋ?" ಅಲ್ಲ ಚಿಕ್ಕಪ್ಪ, ಅವರು ಹುಟ್ಟಿದ್ದು ಇಲ್ಲೇ, ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ, 1970ರಲ್ಲಿ. ಅಜ್ಜ-ಅಜ್ಜಿ ದೇಶ ವಿಭಜನೆಯಾದಾಗ ಲಖನೌ ಬಿಟ್ಟು ಪಾಕಿಸ್ತಾನಕ್ಕೆ ಹೋದವರು, ಅಪ್ಪ-ಅಮ್ಮ 1968ರಲ್ಲಿ ಲಂಡನ್ನಿಗೆ ಬಂದವರು. ಅಪ್ಪ ಬಸ್ ಡ್ರೈವರ್, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಎಂಟು ಮಕ್ಕಳಲ್ಲಿ ಇವರು ಐದನೆಯವರು, ಬೆಳೆದದ್ದು ಕೌನ್ಸಿಲ್ ಬಾಡಿಗೆಗೆ ಕೊಡುವ ಸರ್ಕಾರಿ ಮನೆಯಲ್ಲಿ. ಕಾನೂನು ಓದಿ, ಮಾನವ ಹಕ್ಕುಗಳ ವಕೀಲರಾಗಿ, 1994ರಲ್ಲಿ ವಾಂಡ್ಸ್‌ವರ್ತ್ ಕೌನ್ಸಿಲರ್, 2005ರಲ್ಲಿ ಟೂಟಿಂಗ್‌ನ ಸಂಸದ, ಗಾರ್ಡನ್ ಬ್ರೌನ್ ಸರ್ಕಾರದಲ್ಲಿ ಸಾರಿಗೆ ಸಚಿವ. ಒಂದೊಂದೇ ಮೆಟ್ಟಿಲು ಹತ್ತಿದ ರಾಜಕಾರಣ. "ನಾನು ಬಸ್ ಡ್ರೈವರ್ ಮಗ" ಎಂದು 2016ರ ಪ್ರಚಾರದಲ್ಲಿ ಎಷ್ಟು ಸಲ ಹೇಳಿದರೆಂದರೆ, ಕೊನೆಕೊನೆಗೆ ಜನ ಅದನ್ನೇ ತಮಾಷೆ ಮಾಡತೊಡಗಿದ್ದರು.

ಊರಿನವರಿಗೆ ಇನ್ನೊಂದು ಗೊಂದಲವಿದೆ. ಲಂಡನ್ನಿನಲ್ಲಿ ಮೇಯರುಗಳು ಒಬ್ಬಿಬ್ಬರಲ್ಲ. ನವೆಂಬರಿನಲ್ಲಿ ಚಿನ್ನದ ಬಣ್ಣದ ಸಾರೋಟಿನಲ್ಲಿ ಮೆರವಣಿಗೆ ಹೋಗುವವರು ಊರ ನಡುವಿನ ಪುಟ್ಟ ಹಳೇ ಭಾಗವಾದ 'ಸಿಟಿ'ಯ ಲಾರ್ಡ್ ಮೇಯರ್, ಒಂದು ವರ್ಷದ ಹುದ್ದೆ. ಲಂಡನ್ನಿನ 32 ಬರೋಗಳ (ಸ್ವಂತ ಕೌನ್ಸಿಲ್ ಇರುವ ಆಡಳಿತ ವಿಭಾಗಗಳ) ಪೈಕಿ ಬಹುತೇಕ ಕಡೆ ಕೌನ್ಸಿಲರುಗಳು ವರ್ಷಕ್ಕೊಬ್ಬರನ್ನು ಆರಿಸಿ, ಕೊರಳಿಗೆ ಸರ ಹಾಕಿ ಮೇಯರ್ ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದದ್ದು ಹೀಗೆ. ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆಯ ಹಿಂದೆ ದುಡಿದವರು ಅವರೇ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದರು. ಊರಿಂದ ಯಾರೇ ಬಂದರೂ ನಾವು ಕರೆದುಕೊಂಡು ಹೋಗಿ ಫೋಟೊ ಹೊಡೆಸುವ ಜಾಗ. ಬೆಂಗಳೂರಿನ ಮೇಯರ್ ಹುದ್ದೆಯೂ ಈ ಜಾತಿಯದೇ ಆಗಿತ್ತಲ್ಲ, ಒಂದು ವರ್ಷದ ಹಾರ-ತುರಾಯಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅದೂ ಇರಲಿಲ್ಲ.

ಇಡೀ ಲಂಡನ್ನಿನ ಮೇಯರ್ ಹುದ್ದೆ ಹುಟ್ಟಿದ್ದು 2000ದಲ್ಲಿ. ಅದಕ್ಕೆ ಮುಂಚೆ ಇದ್ದ ಗ್ರೇಟರ್ ಲಂಡನ್ ಕೌನ್ಸಿಲನ್ನು 1986ರಲ್ಲಿ ಥ್ಯಾಚರ್ ಮುಚ್ಚಿಬಿಟ್ಟಿದ್ದರು. ಆಗ ಅದರ ನಾಯಕರಾಗಿದ್ದ ಕೆನ್ ಲಿವಿಂಗ್‌ಸ್ಟನ್‌ಗೆ 2000ದಲ್ಲಿ ಲೇಬರ್ ಪಕ್ಷ ಟಿಕೆಟ್ ಕೊಡಲಿಲ್ಲ. ಅವರು ಪಕ್ಷೇತರರಾಗಿ ನಿಂತು ಗೆದ್ದರು. ಆಮೇಲೆ 2008ರಿಂದ ಎಂಟು ವರ್ಷ ಬೋರಿಸ್ ಜಾನ್ಸನ್. ಜನರೇ ನೇರವಾಗಿ ಆರಿಸುವುದರಿಂದ ಚಿಹ್ನೆಗಿಂತ ಮುಖ ದೊಡ್ಡದಾಗುವ ಚುನಾವಣೆ ಇದು. ಇದರಲ್ಲಿ ನಮಗೂ ಓಟಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವರ್ಕ್ ವೀಸಾದ ಮೇಲೋ ಸ್ಟೂಡೆಂಟ್ ವೀಸಾದ ಮೇಲೋ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೂ ಮತದಾನದ ಹಕ್ಕಿದೆ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಮಗೆ ಓಟಿದೆ ಎನ್ನುವುದು ಅಭ್ಯರ್ಥಿಗಳಿಗೂ ಗೊತ್ತು. 2016ರಲ್ಲಿ ಖಾನ್ ಎದುರು ಕನ್ಸರ್ವೇಟಿವ್ ಪಕ್ಷದಿಂದ ನಿಂತವರು ಕೋಟ್ಯಧಿಪತಿಯ ಮಗ ಝ್ಯಾಕ್ ಗೋಲ್ಡ್‌ಸ್ಮಿತ್. ಹಿಂದೂ, ಸಿಖ್, ತಮಿಳು ಹೆಸರಿರುವ ಮನೆಗಳಿಗೆ ಅವರ ಪ್ರಚಾರದ ಪತ್ರಗಳು ಬೇರೆಯೇ ಆಗಿ ಬಂದವು. ಮೋದಿ ಜೊತೆ ಗೋಲ್ಡ್‌ಸ್ಮಿತ್ ಇರುವ ಫೋಟೊ ಒಂದು ಕಡೆ. ಖಾನ್ ಪಕ್ಷ ಗೆದ್ದರೆ ಮನೆತನದ ಒಡವೆಗಳ ಮೇಲೂ ತೆರಿಗೆ ಬೀಳುತ್ತದೆ ಎಂಬ ಎಚ್ಚರಿಕೆ ಇನ್ನೊಂದು ಕಡೆ. ನಮ್ಮವರ ನಾಡಿ ಹಿಡಿದವರು ಯಾರೋ ಬರೆದದ್ದಿರಬೇಕು, ಒಡವೆ ಅಂದರೆ ಸಾಕು ಎಂದು. ಆದರೆ ಲಂಡನ್ ಮೇಯರ್‌ಗೆ ಒಡವೆ ಮೇಲೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಅದನ್ನು ಓದಿ ನಕ್ಕವರು ಎಷ್ಟೋ, ಸಿಟ್ಟಾದವರು ಎಷ್ಟೋ. ಬಿಳಿಯರ ಮನೆಗೆ ಹೋಗದ ಪತ್ರ ನಮ್ಮ ಮನೆಗೆ ಮಾತ್ರ ಯಾಕೆ ಎನ್ನುವ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಉಳಿದ ಪ್ರಚಾರದಲ್ಲೂ ಉಗ್ರವಾದಿಗಳ ಜೊತೆ ಖಾನ್ ಹೆಸರನ್ನು ಅಂಟಿಸುವ ಕೆಲಸ ನಡೆಯಿತು. ಸ್ವತಃ ಕೆಲವು ಕನ್ಸರ್ವೇಟಿವ್ ನಾಯಕರೇ ಇದು ಅತಿಯಾಯಿತು ಎಂದರು.

ಖಾನ್ ಮಾತ್ರ ಬಸ್ ಟಿಕೆಟ್ ಬಿಟ್ಟು ಬೇರೆ ಮಾತಾಡಲಿಲ್ಲ. ದರ ಏರಿಸುವುದಿಲ್ಲ, ಒಂದು ಬಸ್ ಹತ್ತಿದ ಗಂಟೆಯೊಳಗೆ ಇನ್ನೊಂದು ಹತ್ತಿದರೆ ಮತ್ತೆ ದುಡ್ಡಿಲ್ಲ. ಆಗ ಮೊದಲ ಆಯ್ಕೆಯ ಜೊತೆ ಎರಡನೇ ಆಯ್ಕೆಯನ್ನೂ ಗುರುತಿಸುವ ಪದ್ಧತಿಯಿತ್ತು. ಆ ಎರಡನೇ ಪ್ರಾಶಸ್ತ್ಯದ ಮತಗಳೂ ಸೇರಿ ಅವರಿಗೆ 13,10,143 ಮತ ಬಿದ್ದವು. ಬ್ರಿಟನ್ನಿನಲ್ಲಿ ಅದುವರೆಗೆ ಯಾವ ರಾಜಕಾರಣಿಗೂ ನೇರವಾಗಿ ಅಷ್ಟು ಮತ ಬಿದ್ದಿರಲಿಲ್ಲ. ಆ ಸೆಪ್ಟೆಂಬರಿನಲ್ಲೇ ಹೀಗೆ ಬಸ್ ಬದಲಿಸುವ 'ಹಾಪರ್' ಟಿಕೆಟ್ ಬಂತು. ಆಗ ಒಂದೂವರೆ ಪೌಂಡ್, 2023ರಲ್ಲಿ 1.75 ಆಯಿತು. ರಾತ್ರಿ ಪಾಳಿಯ ಕ್ಲೀನರುಗಳು, ಕೇರ್ ಹೋಮ್‌ಗಳಲ್ಲಿ ಕೆಲಸ ಮಾಡುವ ಮಲಯಾಳಿ ಹೆಣ್ಣುಮಕ್ಕಳು ಬೆಳಗಿನ ಜಾವ ಎರಡು ಬಸ್ ಬದಲಿಸಿ ಹೋಗುವುದನ್ನು ಒಂದು ಸಲ ನೋಡಿದರೆ ಸಾಕು, ಈ ಟಿಕೆಟ್ ಎಷ್ಟು ಓಟು ತಂದಿರಬಹುದು ಎಂದು ಅಂದಾಜು ಸಿಗುತ್ತದೆ.

ಮುಂದಿನ ಚುನಾವಣೆ 2020ರಲ್ಲಿ ಆಗಬೇಕಿತ್ತು. ಕೋವಿಡ್ ಬಂದು ಒಂದು ವರ್ಷ ಮುಂದೆ ಹೋಯಿತು. ಆ ಹೊತ್ತಿಗೆ ಟ್ಯೂಬ್ ಖಾಲಿ, ಸಾರಿಗೆ ಸಂಸ್ಥೆಯ ಗಲ್ಲಾ ಖಾಲಿ, ಕೇಂದ್ರ ಸರ್ಕಾರದ ಮುಂದೆ ಕೈಯೊಡ್ಡುವ ಸ್ಥಿತಿ. 2021ರಲ್ಲಿ ಕಣದಲ್ಲಿದ್ದವರು 20 ಮಂದಿ. ಕನ್ಸರ್ವೇಟಿವ್ ಪಕ್ಷದ ಶಾನ್ ಬೈಲಿ ಎದುರು ಖಾನ್ ಮೊದಲ ಪ್ರಾಶಸ್ತ್ಯದಲ್ಲಿ ಶೇ. 40 ಪಡೆದು, ಎರಡನೇ ಸುತ್ತಿನಲ್ಲಿ ಶೇ. 55ಕ್ಕೆ ತಲುಪಿದರು. ಅಂಥ ಸಂಭ್ರಮದ ಗೆಲುವೇನಲ್ಲ.

ನಿಜವಾದ ರಂಪ ಶುರುವಾದದ್ದು ಯೂಲೆಜ್‌ನಿಂದ. ಹೆಚ್ಚು ಹೊಗೆ ಉಗುಳುವ ಹಳೇ ಗಾಡಿ ಓಡಿಸಿದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು, ಅದು ಯೂಲೆಜ್. ಸುಮಾರಾಗಿ 2006ಕ್ಕಿಂತ ಹಿಂದಿನ ಪೆಟ್ರೋಲ್ ಕಾರು, 2015ಕ್ಕಿಂತ ಹಿಂದಿನ ಡೀಸೆಲ್ ಕಾರು ಸಿಕ್ಕಿಬೀಳುತ್ತವೆ. 2019ರಲ್ಲಿ ಊರಿನ ನಡುಭಾಗದಲ್ಲಿ ಮಾತ್ರ ಇತ್ತು. 2021ರಲ್ಲಿ ಉತ್ತರ-ದಕ್ಷಿಣ ವರ್ತುಲ ರಸ್ತೆಗಳವರೆಗೆ ಹಿಗ್ಗಿತು. 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ. ಇದನ್ನು ಮೊದಲು ಯೋಜಿಸಿದ್ದು ಬೋರಿಸ್ ಜಾನ್ಸನ್ ಮೇಯರ್ ಆಗಿದ್ದಾಗ ಎನ್ನುವುದು ಬೈಯುವ ಭರದಲ್ಲಿ ಎಲ್ಲರಿಗೂ ಮರೆತುಹೋಯಿತು.

ನಾನಿರುವ ಹೊರ ಲಂಡನ್ನಿನ ಹ್ಯಾರೋ ಕಡೆ ಆ ಬೇಸಿಗೆಯಿಡೀ ಇದೇ ಮಾತು. ಮದುವೆ, ನಾಮಕರಣ, ದೇವಸ್ಥಾನದ ಪ್ರಸಾದದ ಸಾಲು, ಎಲ್ಲಿ ಹೋದರೂ "ನಿಮ್ಮ ಗಾಡಿ ಯಾವ ವರ್ಷದ್ದು?" ನಡು ಲಂಡನ್ನಿನವರಿಗೆ ಕಾರು ಬೇಡ, ಹೆಜ್ಜೆಗೊಂದು ಟ್ಯೂಬ್. ನಮ್ಮ ಕಡೆ ವಾರದ ಸಾಮಾನು ತರಲು, ಮಕ್ಕಳನ್ನು ಭರತನಾಟ್ಯ ಕ್ಲಾಸಿಗೆ ಬಿಡಲು ಕಾರೇ ಗತಿ. ಪಕ್ಕದ ಮನೆ ಅಂಕಲ್ಲಿನ ಡೀಸೆಲ್ ವ್ಯಾನು ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಮಾರುವ ಹಿಂದಿನ ಸಂಜೆ ಡ್ರೈವ್‌ವೇಯಲ್ಲಿ ನಿಲ್ಲಿಸಿಕೊಂಡು ಶಾಂಪೂ ಹಾಕಿ ತೊಳೆದರು, ಒಳಗಿನ ಗಣಪತಿಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡರು. ಹ್ಯಾರೋ ಸೇರಿ ಐದು ಕೌನ್ಸಿಲ್‌ಗಳು ಹೈಕೋರ್ಟಿಗೆ ಹೋದವು, ಸೋತವು. ಕೆಲವರು ರಾತ್ರೋರಾತ್ರಿ ಯೂಲೆಜ್ ಗಾಡಿಗಳನ್ನು ಹಿಡಿಯುವ ಕ್ಯಾಮೆರಾಗಳ ವೈರು ಕತ್ತರಿಸಿದರು.

ಇದರ ನಡುವೆ ಜುಲೈನಲ್ಲಿ ಅಕ್ಸ್‌ಬ್ರಿಡ್ಜ್ ಉಪಚುನಾವಣೆ. ಬೋರಿಸ್ ಜಾನ್ಸನ್ ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ತೆರವಾದ ಹೊರ ಲಂಡನ್ನಿನ ಕ್ಷೇತ್ರ. ಲೇಬರ್ ಪಕ್ಷ ಗೆಲ್ಲುತ್ತದೆಂದು ಎಲ್ಲರೂ ಅಂದುಕೊಂಡಿದ್ದ ಸೀಟು 495 ಮತಗಳಿಂದ ಕೈತಪ್ಪಿತು. ಸ್ವಪಕ್ಷದ ನಾಯಕ ಕೀರ್ ಸ್ಟಾರ್ಮರ್ ಅವರೇ ಯೂಲೆಜ್ ಬಗ್ಗೆ ಮರುಯೋಚನೆ ಮಾಡಿ ಎಂದು ಬಹಿರಂಗವಾಗಿ ಹೇಳಿದರು. ಚುನಾವಣೆಗೆ ಒಂದು ವರ್ಷವೂ ಇರಲಿಲ್ಲ. ನಮ್ಮ ಕಡೆಯ ಯಾವ ರಾಜಕಾರಣಿಯಾದರೂ ಅಲ್ಲಿಗೇ ಕೈಬಿಡುತ್ತಿದ್ದ. ಖಾನ್ ಬಿಡಲಿಲ್ಲ. ಹಳೇ ಗಾಡಿ ಗುಜರಿಗೆ ಹಾಕುವವರಿಗೆ ಕೊಡುವ ಹಣ ಹೆಚ್ಚಿಸಿ, ಹೇಳಿದ ತಾರೀಖಿಗೇ ಜಾರಿ ಮಾಡಿದರು. 2014ರಲ್ಲಿ ಲಂಡನ್ ಮ್ಯಾರಥಾನ್ ಓಡಿದ ಮೇಲೆ ಅವರಿಗೇ ಆಸ್ತಮಾ ಇರುವುದು ಗೊತ್ತಾಗಿತ್ತು. ಲೂಯಿಶಮ್‌ನಲ್ಲಿ ರಸ್ತೆ ಪಕ್ಕ ವಾಸವಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು 2020ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ದಾಖಲಾಗಿತ್ತು. ಹಟವೋ ನಂಬಿಕೆಯೋ, ಎರಡೂ ಇರಬಹುದು. ಅವರ ಇಡೀ ರಾಜಕೀಯ ಜೀವನದಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾದ ಹೆಜ್ಜೆ ಇದೊಂದೇ.

ಹಾಗಂತ ಬೈಗುಳವೆಲ್ಲ ಸುಳ್ಳಲ್ಲ. 2021ರಲ್ಲಿ ಲಂಡನ್ನಿನಲ್ಲಿ 30 ಹದಿಹರೆಯದವರ ಕೊಲೆಯಾಯಿತು, ದಾಖಲೆಯ ಸಂಖ್ಯೆ. ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಪೊಲೀಸ್ ಕಮಿಷನರ್ ಮೇಲೆ ವಿಶ್ವಾಸವಿಲ್ಲ ಎಂದು 2022ರಲ್ಲಿ ಖಾನ್ ಹೇಳಿ, ಆಕೆ ರಾಜೀನಾಮೆ ಕೊಟ್ಟದ್ದೂ ಆಯಿತು. ಪೊಲೀಸರ ಮೇಲಿನ ದೂರುಗಳು ನಿಲ್ಲಲಿಲ್ಲ. ಕೇಳಿದರೆ ಕೇಂದ್ರ ಸರ್ಕಾರ ದುಡ್ಡು ಕೊಡಲಿಲ್ಲ ಎನ್ನುತ್ತಾರೆ. ಅರ್ಧ ನಿಜ. ಮೇಯರ್ ಕೈಯಲ್ಲಿರುವುದು ಸಾರಿಗೆ, ಪೊಲೀಸ್ ಮೇಲ್ವಿಚಾರಣೆ, ಮನೆ ಕಟ್ಟಿಸುವ ಯೋಜನೆ, ಅಗ್ನಿಶಾಮಕ ದಳ. ಆಸ್ಪತ್ರೆ ಅವರದಲ್ಲ. ಕಸ ಎತ್ತುವುದು ಬರೋ ಕೌನ್ಸಿಲ್ ಕೆಲಸ. ಆದರೂ ಬೈಗುಳ ಎಲ್ಲದಕ್ಕೂ ಅವರಿಗೇ.

2024ರಲ್ಲಿ ಎದುರಾಳಿಯಾಗಿ ಬಂದವರು ನಮ್ಮ ಹ್ಯಾರೋದವರೇ, ಹಿಂದೆ ಇಲ್ಲಿನ ಕೌನ್ಸಿಲ್ ನಡೆಸಿದ್ದ ಸೂಸನ್ ಹಾಲ್. ಅಷ್ಟರಲ್ಲಿ ಕನ್ಸರ್ವೇಟಿವ್ ಸರ್ಕಾರ ನಿಯಮವನ್ನೇ ಬದಲಿಸಿತ್ತು. ಎರಡನೇ ಪ್ರಾಶಸ್ತ್ಯ ರದ್ದು, ನಮ್ಮಲ್ಲಿರುವಂತೆ ಹೆಚ್ಚು ಮತ ಬಂದವರೇ ಗೆದ್ದಂತೆ. ಎಡಪಂಥೀಯ ಮತಗಳು ಒಡೆದರೆ ಖಾನ್‌ಗೆ ಕಷ್ಟ ಎಂಬ ಲೆಕ್ಕ ಹಲವರದು. ಫೋಟೊ ಗುರುತಿನ ಚೀಟಿಯೂ ಕಡ್ಡಾಯವಾಗಿತ್ತು.

ಮೇ 2, ಗುರುವಾರ. ಇಲ್ಲಿ ಮತದಾನಕ್ಕೆ ರಜೆಯಿಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಯಾವಾಗ ಬೇಕಾದರೂ ಹೋಗಬಹುದು. ನಮ್ಮ ಮತಗಟ್ಟೆ ಚರ್ಚಿನ ಪಕ್ಕದ ಹಾಲ್. ಪೊಲೀಸಿಲ್ಲ, ಕ್ಯೂ ಇಲ್ಲ, ಬಾಗಿಲಲ್ಲಿ ಯಾರದೋ ನಾಯಿ ಮಲಗಿತ್ತು. ಮೇಜಿನ ಹಿಂದಿದ್ದ ಅಜ್ಜಿಯ ಮುಂದೆ ನನ್ನ ನೀಲಿ ಭಾರತೀಯ ಪಾಸ್‌ಪೋರ್ಟ್ ಇಟ್ಟೆ. ಅಶೋಕ ಸ್ತಂಭ ನೋಡಿ ವಾಪಸ್ ಕಳಿಸುತ್ತಾರೇನೋ ಎಂಬ ಅಳುಕು ಒಳಗೊಳಗೇ. ಆಕೆ ಫೋಟೊ ನೋಡಿ, ಪಟ್ಟಿಯಲ್ಲಿ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಮೂರು ಬಣ್ಣದ ಮೂರು ಚೀಟಿ ಕೊಟ್ಟರು. ಮೇಯರ್‌ದು ಗುಲಾಬಿ. ಮರದ ಕಟಕಟೆಯಂಥ ಜಾಗದಲ್ಲಿ ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲ್! ಬೆರಳಿಗೆ ಶಾಯಿಯೂ ಇಲ್ಲ. ಓಟು ಹಾಕಿದ್ದಕ್ಕೆ ಸಾಕ್ಷಿಯಾಗಿ ಅಪ್ಪನಿಗೆ ಏನು ಫೋಟೊ ಕಳಿಸುವುದು ಎಂದು ಗೊತ್ತಾಗದೆ ಬಾಗಿಲ ಬೋರ್ಡಿನ ಫೋಟೊ ಕಳಿಸಿದೆ. ಯಾರಿಗೆ ಹಾಕಿದೆ ಎಂದು ಇಲ್ಲಿ ಹೇಳುವುದಿಲ್ಲ, ಪಕ್ಕದ ಮನೆ ಅಂಕಲ್ಲಿಗೂ ಹೇಳಿಲ್ಲ.

ಶುಕ್ರವಾರವಿಡೀ ಹಾಲ್ ಗೆದ್ದೇಬಿಟ್ಟರು ಎಂಬ ಗಾಳಿಸುದ್ದಿ. ಶನಿವಾರ ಎಣಿಕೆಯಾದಾಗ ಖಾನ್‌ಗೆ ಶೇ. 43.8, ಮತಗಳ ಅಂತರ ಎರಡೂಮುಕ್ಕಾಲು ಲಕ್ಷ. ಮೂರನೇ ಸಲ ಗೆದ್ದ ಮೊದಲ ಲಂಡನ್ ಮೇಯರ್. ಹಾಲ್ ಪ್ರಚಾರದುದ್ದಕ್ಕೂ ಖಾನ್ ಬೇಡ, ಯೂಲೆಜ್ ಬೇಡ ಎಂದರು. ಏನು ಬೇಕು ಎನ್ನುವುದು ಅವರ ಸ್ವಂತ ಬರೋದಲ್ಲಿರುವ ನನಗೂ ಸರಿಯಾಗಿ ತಿಳಿಯಲಿಲ್ಲ. ಖಾನ್ ಪ್ರಾಥಮಿಕ ಶಾಲೆ ಮಕ್ಕಳಿಗೆ ಉಚಿತ ಊಟ ಮುಂದುವರಿಸುತ್ತೇನೆ ಎಂದರು. ತಲೆ ಮೇಲೆ ಕಸದ ತೊಟ್ಟಿ ಕವುಚಿಕೊಂಡು 'ಕೌಂಟ್ ಬಿನ್‌ಫೇಸ್' ಹೆಸರಲ್ಲಿ ನಿಂತಿದ್ದ ಹಾಸ್ಯಗಾರನೊಬ್ಬ ಕ್ರಾಸಾಂಟ್ ಬೆಲೆಗೆ 1.10 ಪೌಂಡಿನ ಮಿತಿ ಹಾಕುತ್ತೇನೆಂದು ಹೇಳಿ 24,260 ಮತ ತೆಗೆದುಕೊಂಡ, ವಲಸಿಗರನ್ನು ಓಡಿಸಬೇಕೆನ್ನುವ ಬ್ರಿಟನ್ ಫಸ್ಟ್ ಪಕ್ಷಕ್ಕಿಂತ ಹೆಚ್ಚು. ಆ ರಾತ್ರಿ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಖಾನ್‌ಗಿಂತ ಈತನ ಫೋಟೊಗಳೇ ಜಾಸ್ತಿ ಓಡಾಡಿದವು.

ಮುಂದಿನ ಚುನಾವಣೆ 2028ರ ಮೇ ತಿಂಗಳಲ್ಲಿ. ಈ ಹುದ್ದೆಗೆ ಇಷ್ಟೇ ಅವಧಿ ಎಂಬ ಮಿತಿಯಿಲ್ಲ, ಖಾನ್ ಮತ್ತೆ ನಿಂತರೂ ನಿಲ್ಲಬಹುದು. ಹೊಸದಾಗಿ ಬರುವವರಿಗೆ ಒಂದು ಮಾತು: ಕೌನ್ಸಿಲ್ ಟ್ಯಾಕ್ಸ್ (ಮನೆಯ ಮೇಲಿನ ಸ್ಥಳೀಯ ತೆರಿಗೆ) ಕಟ್ಟಿದ ಮಾತ್ರಕ್ಕೆ ಮತದಾರರ ಪಟ್ಟಿಗೆ ಹೆಸರು ಸೇರುವುದಿಲ್ಲ, ಬೇರೆಯಾಗಿ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೊಂಡು ಕೂತರೆ ಆಯಿತು.