ಅಣ್ಣ ಒಳಗೆ ಹೋದನಾ?

2025ರ ಯುಗಾದಿ ಭಾನುವಾರ ಬಿದ್ದಿತ್ತು, ಮಾರ್ಚ್ 30ಕ್ಕೆ. ಮರುದಿನ ರಂಜಾನ್. ನಮಗೆ ಕ್ರೈಸ್ತರಿಗೆ ಅದು ತಪಸ್ಸು ಕಾಲದ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ, ನಾಲ್ಕನೇ ಭಾನುವಾರ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ರಾತ್ರಿ ರೈಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ತೀರ್ಥಹಳ್ಳಿ ಹತ್ತಿರದ ಗೆಳೆಯ ಹಬ್ಬದ ಊಟಕ್ಕೆ ಕರೆದಿದ್ದ. ಶಿವಮೊಗ್ಗದಲ್ಲಿ ಪೂಜೆ ಮುಗಿಸಿಕೊಂಡೇ ಬರ್ತೀನಿ ಅಂದಿದ್ದೆ.

ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚ್ ಶಿವಮೊಗ್ಗದವರಿಗೆ ಗುರುತು ಹೇಳಲು ಬರುವ ಕಟ್ಟಡ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಇದೇ ಪ್ರಧಾನಾಲಯ, ಅಂದರೆ ಬಿಷಪ್ಪರ ಚರ್ಚು. ಒಳಗೆ ಹೋದರೆ ತಲೆಯೆತ್ತಿ ನೋಡುವಷ್ಟು ಎತ್ತರ, ದೊಡ್ಡ ದೊಡ್ಡ ಕಮಾನು. ನನಗೆ ಸಣ್ಣ ಗುಡಿಗಳೇ ಇಷ್ಟ. ಆದರೆ ಬೇಸಿಗೆ ಬೆಳಗ್ಗೆ ಅಷ್ಟು ದೊಡ್ಡ ಜಾಗದ ತಂಪೂ ಒಂದು ಸುಖವೇ.

ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂವಿನ ಅಲಂಕಾರ ಇಲ್ಲ, 'ಅಲ್ಲೆಲೂಯ' ಹಾಡುವುದಿಲ್ಲ, ಗುರುಗಳ ಉಡುಪು ನೇರಳೆ. ನಾಲ್ಕನೇ ಭಾನುವಾರ ಮಾತ್ರ ಸ್ವಲ್ಪ ಸಡಿಲ. ಅವತ್ತು ಹೂವಿಗೆ ಅಪ್ಪಣೆ ಇದೆ, ನೇರಳೆ ಬದಲು ಗುಲಾಬಿ ಬಣ್ಣದ ಉಡುಪನ್ನೂ ಹಾಕಬಹುದು. ಊರಿನ ಬಾಗಿಲುಗಳಿಗೆಲ್ಲ ಮಾವಿನ ತೋರಣ ಕಟ್ಟಿದ ದಿನವೇ ನಮಗೂ ಹೂವಿನ ರಜೆ ಸಿಕ್ಕಿತ್ತು. ವಾಚನಗಳೂ ಯಾರೋ ಪಂಚಾಂಗ ನೋಡಿ ಆರಿಸಿದ ಹಾಗಿದ್ದವು. ಮರುಭೂಮಿಯಲ್ಲಿ ದೇವರು ಕೊಡುತ್ತಿದ್ದ ಮನ್ನಾ ಅನ್ನುವ ಆಹಾರ ನಿಂತು, ಇಸ್ರಾಯೇಲ್ ಜನ ಕಾನಾನ್ ನಾಡಿನ ಬೆಳೆಯನ್ನು ಉಂಡ ಕಥೆ ಒಂದು. ಹಳೆಯದು ಹೋಯಿತು, ಹೊಸದು ಬಂತು ಅನ್ನುವ ಸಂತ ಪೌಲನ ಮಾತು ಇನ್ನೊಂದು. ನಡುವೆ 34ನೇ ಕೀರ್ತನೆ, ಸರ್ವೇಶ್ವರ ಎಷ್ಟು ಒಳ್ಳೆಯವರು ಸವಿದು ನೋಡಿ ಅಂತ. ಬೇವು-ಬೆಲ್ಲದ ದಿನ ಇದಕ್ಕಿಂತ ಇನ್ನೇನು ಬೇಕು?

ಶುಭಸಂದೇಶ ಲೂಕನ 15ನೇ ಅಧ್ಯಾಯ, ಯೇಸು ಹೇಳಿದ ದುಂದುಗಾರ ಮಗನ ಕಥೆ. ಎಲ್ಲರಿಗೂ ಬಾಯಿಪಾಠ. ಹಾಗಾಗಿಯೇ ಒಂದು ಜಾಗ ಕಿವಿಗೆ ಬೀಳದೆ ಹೋಗುತ್ತದೆ. ಅಪ್ಪನಿಂದ ಪಾಲು ತಗೊಂಡು ದೂರ ಹೋಗಿ ಎಲ್ಲ ಕಳೆದು, ಹಂದಿ ಕಾಯುತ್ತಾ ಹಸಿದು ಕೂತ ಮಗ, ಅಪ್ಪನಿಗೆ ಏನು ಹೇಳಬೇಕು ಅಂತ ಮೊದಲೇ ಉರು ಹೊಡೆಯುತ್ತಾನೆ. ತಪ್ಪು ಮಾಡಿದೆ, ನಿಮ್ಮ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನ ಹಾಗೆ ಇಟ್ಟುಕೊಳ್ಳಿ, ಇಷ್ಟು. ಮನೆ ಹತ್ತಿರ ಬಂದಾಗ ಅಪ್ಪ ದೂರದಿಂದಲೇ ಕಂಡು ಓಡಿ ಬಂದು ತಬ್ಬಿಕೊಂಡ. ಮಗ ಶುರುಮಾಡಿದ. ಕೂಲಿಯವನ ಮಾತು ಬರುವ ಮೊದಲೇ ಅಪ್ಪ ಆಳುಗಳ ಕಡೆ ತಿರುಗಿ, ಒಳ್ಳೆ ಬಟ್ಟೆ ತನ್ನಿ, ಉಂಗುರ ಹಾಕಿ, ಕಾಲಿಗೆ ಚಪ್ಪಲಿ ಕೊಡಿ ಅಂದುಬಿಟ್ಟ. ಕೊನೆಯ ವಾಕ್ಯ ಹೇಳಲು ಮಗನಿಗೆ ಅವಕಾಶವೇ ಸಿಗಲಿಲ್ಲ.

ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತಾಗ ನಮ್ಮ ಮಾತು ಹೊರಳಿದ್ದು ಮಾತ್ರ ಎಂದಿನ ಕಡೆಗೇ. ತಪಸ್ಸು ಕಾಲಕ್ಕೆ ಅಂತ ಯಾರು ಏನು ಬಿಟ್ಟಿದ್ದಾರೆ? ಒಬ್ಬರು ಮಾಂಸ, ಒಬ್ಬರು ಕಾಫಿ, ಒಬ್ಬ ಹುಡುಗ ಇನ್‌ಸ್ಟಾಗ್ರಾಂ. ಈ ಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದವರೆಗೆ 46 ದಿನ. ಭಾನುವಾರ ಉಪವಾಸವಿಲ್ಲ, ಆ 6 ಕಳೆದರೆ 40. ಹಾಗಾಗಿ ಇವತ್ತು ಹೋಳಿಗೆಗೆ ತುಪ್ಪ ಹಾಕಿಕೊಳ್ಳಬಹುದು ಅಂತ ಒಬ್ಬರು ಲೆಕ್ಕ ಒಪ್ಪಿಸಿದರು. ಬಿಡುವುದು ಒಳ್ಳೆಯದೇ, ನಾನೂ ಬಿಡುತ್ತೇನೆ. ಆದರೆ ಬಿಟ್ಟಿದ್ದನ್ನು ತೋರಿಸಿ ದೇವರ ಪ್ರೀತಿಗೆ ಅರ್ಜಿ ಹಾಕುವವರ ಹಾಗೆ ನಾವು ಮಾತಾಡುತ್ತೇವಲ್ಲ, ಅದು ಆ ಮಗ ಉರು ಹೊಡೆದ ಮಾತೇ. ಅಪ್ಪನಿಗೆ ಬೇಡವಾಗಿದ್ದು ಅದೊಂದೇ.

ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ಹತ್ತಿರ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ತುಂಗೆ ಬಸ್ಸಿನ ಜೊತೆಗೇ ಬರುತ್ತಿರುತ್ತಾಳೆ. ಹೊಳೆ ಇಳಿದಿತ್ತು, ಬಂಡೆಗಳೆಲ್ಲ ಮೇಲೆ. ಮಂಡಗದ್ದೆಯಲ್ಲಿ ಹಕ್ಕಿ ನೋಡಬೇಕಾದರೆ ಮಳೆಗಾಲದಲ್ಲೇ ಬರಬೇಕು.

ಗೆಳೆಯನ ಮನೆ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ಅಂಗಳಕ್ಕೆ ದಣಪೆ ಇದೆ. ಎರಡು ಕಂಬ, ಕಂಬಕ್ಕೆ ತೂತು, ತೂತಿಗೆ ತೂರಿಸುವ ಬಿದಿರಿನ ಗಳ. ಅವತ್ತು ಗಳಗಳನ್ನು ಎಳೆದು ಬೇಲಿಗೆ ಒರಗಿಸಿಟ್ಟಿದ್ದರು. ಬೇರೆ ಯಾರದೋ ಹಸು ಒಳಗೆ ನುಗ್ಗಿ ಬಸಳೆ ಚಪ್ಪರವನ್ನು ಅರ್ಧ ಮೇಯ್ದಾಗಿತ್ತು. "ನೋಡು, ಅಪ್ಪಯ್ಯನ ಕೆಲಸ" ಅಂದ ಗೆಳೆಯ. ತಮ್ಮ ಬೆಂಗಳೂರಿಂದ ಬರ್ತೀನಿ ಅಂತ ಫೋನ್ ಮಾಡಿದ್ದನಂತೆ. ಅವನು ಬರ್ತೀನಿ ಅಂದ ದಿನ ಅಪ್ಪಯ್ಯ ಬೆಳಗ್ಗೆಯೇ ದಣಪೆ ತೆಗೆದಿಡುತ್ತಾರೆ. ಬರುವುದು ರಾತ್ರಿಗೆ. ಎಷ್ಟೋ ಸಲ ಬರುವುದೂ ಇಲ್ಲ.

ಊಟಕ್ಕೆ ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಎಳೆ ಹಲಸಿನಕಾಯಿ ಪಲ್ಯ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ತೆರೆದಾಗ ಬಂದ ಪರಿಮಳಕ್ಕೇ ಇನ್ನೊಂದು ತುತ್ತು ಜಾಸ್ತಿ ಇಳಿಯಿತು. ಊಟ ಆದಮೇಲೆ ಜಗಲಿಯಲ್ಲಿ ಕೂತು, ಚರ್ಚಿನಲ್ಲಿ ಇವತ್ತು ಏನು ಹೇಳಿದ್ರು ಅಂತ ಗೆಳೆಯ ಸುಮ್ನೆ ಕೇಳಿದ. ಕಥೆ ಹೇಳಿದೆ.

"ಅಪ್ಪ ಬದುಕಿದ್ದಾಗಲೇ ಪಾಲು ಕೇಳಿದನಾ?" ಎದ್ದು ಕೂತ. ಇವನ ತಮ್ಮನೂ ಪಾಲಿನ ದುಡ್ಡು ತಗೊಂಡು ವ್ಯಾಪಾರ ಮಾಡಿ ಕಳೆದುಕೊಂಡವನು. ಉಂಗುರದ ಹತ್ತಿರ ಬಂದಾಗ ಗೆಳೆಯನಿಗೆ ತಡೆಯಲಾಗಲಿಲ್ಲ. "ಉಂಗುರ ಆಮೇಲೆ ಹಾಕ್ಲಿ ಮಾರಾಯ. ಮೊದಲು ಮಳೆಗಾಲಕ್ಕೆ ಬಂದು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸ್ಲಿ. ಮೈಲುತುತ್ತ, ಸುಣ್ಣ ಕಲಸಿ ಕಲಸಿ ಕೈ ನೋಡು ನಂದು." ತೋರಿಸಿದ. ಉಗುರಿನ ಸುತ್ತ ಚರ್ಮ ಬಿರಿದಿತ್ತು.

ಕಥೆಯಲ್ಲೂ ಒಬ್ಬ ಅಣ್ಣ ಇದ್ದಾನೆ ಅಂದೆ. ಹೊಲದಿಂದ ಬಂದವನು ಹಾಡು, ಕುಣಿತ ಕೇಳಿ ಸಿಟ್ಟಾಗಿ ಹೊರಗೇ ನಿಂತ. ಇಷ್ಟು ವರ್ಷ ದುಡಿದೆ, ಗೆಳೆಯರ ಜೊತೆ ಉಣ್ಣಲು ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂದ. ಅಪ್ಪ ಇವನಿಗೂ ಎದ್ದು ಹೊರಗೆ ಬಂದ. ಬೇಡಿಕೊಂಡ. ನನ್ನದೆಲ್ಲ ನಿನ್ನದೇ ಅಂದ. ಹಾಳುಮಾಡಿ ಬಂದವನಿಗೂ ದುಡಿದು ಮುನಿದವನಿಗೂ ಒಬ್ಬನೇ ಅಪ್ಪ, ಇಬ್ಬರಿಗೂ ಅವನೇ ಮನೆ ಬಿಟ್ಟು ಹೊರಗೆ ಬಂದ.

"ಅಣ್ಣ ಒಳಗೆ ಹೋದನಾ?"

"ಅದನ್ನ ಬರೆದಿಲ್ಲ."

"ಬರೀಬೇಕಿತ್ತು."

ಒಳಗಿಂದ ಅಮ್ಮ, "ಅವನ ಪಾಲಿನ ಹೋಳಿಗೆ ತೆಗೆದಿಟ್ಟಿದ್ದೀನಿ, ಯಾರೂ ಮುಟ್ಟಬೇಡಿ" ಅಂದರು. ಗೆಳೆಯ ನನ್ನ ಮುಖ ನೋಡಿದ. ನಗು ತಡೆಯಲಾಗಲಿಲ್ಲ, ಇಬ್ಬರಿಗೂ. ಅಪ್ಪಯ್ಯ ಮಾತ್ರ ಅಂಗಳದ ಕಡೆ ಮುಖ ಮಾಡಿ ಎಲೆ ಅಡಿಕೆ ಹಾಕುತ್ತಿದ್ದರು. ಹಸು ಇನ್ನೊಮ್ಮೆ ಬಂತು. ಎದ್ದು ಓಡಿಸಿದರು. ಗಳ ಹಾಕಲಿಲ್ಲ.

ಸಂಜೆ ಗೆಳೆಯ ಬೈಕಿನಲ್ಲಿ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಶಿವಮೊಗ್ಗದ ಬಸ್ ಹೊರಡಲು ನಿಂತಿತ್ತು. ಇವನು ಹೋಗಿ ಬೆಂಗಳೂರು ಬಸ್ ಎಷ್ಟೊತ್ತಿಗೆ ಬರುತ್ತದೆ ಅಂತ ಅಲ್ಲಿದ್ದ ಕಂಡಕ್ಟರನ್ನು ಕೇಳುತ್ತಿದ್ದ.

"ನಿನಗ್ಯಾಕೆ ಅದು?" ಅಂತ ಕಿಟಕಿಯಿಂದ ರೇಗಿಸಿದೆ.

"ಹೊತ್ತಾದ್ರೆ ಅವನಿಗೆ ಊರಿನ ಬಸ್ ಸಿಗಲ್ಲ. ಪೆಟ್ರೋಲ್ ದುಡ್ಡು ಮಾತ್ರ ಬಿಡಲ್ಲ ಮಾರಾಯ, ಕೈಯಲ್ಲೇ ಎಣಿಸಿ ತಗೋತೀನಿ" ಅಂದ.